ವಿಮರ್ಶೆಗೆ ಹಲವು ಕಣ್ಣು

ಚಿಂತಾಮಣಿ ತಾಲ್ಲೂಕಿನ ಕೈವಾರವು ನಾರೇಯಣ ಯತೀಂದ್ರರ ಊರು. ಜನರು ಅವರನ್ನು ಪ್ರೀತಿಯಿಂದ ತಾತಯ್ಯನವರೆಂದು ಕರೆಯುತ್ತಾರೆ. ಬಳೆಗಳ ಮಲಾರವನ್ನು ಹೊತ್ತು ಊರೂರು ತಿರುಗಿದ ಅವರು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಕೀರ್ತನೆಗಳನ್ನು ರಚಿಸಿದರು. ಗುರುಪೂರ್ಣಿಮೆಯ ಸಂಗೀತೋತ್ಸವದಲ್ಲಿ ವಿದ್ವಾಂಸರೂ ಹಳ್ಳಿಯ ಭಜನೆಯವರೂ ಇಂದಿಗೂ ಅವನ್ನು ಹಾಡುತ್ತಾರೆ.

ತಾತಯ್ಯನವರನ್ನು ಕುರಿತು ಹೊಸ ಪುಸ್ತಕವೊಂದು ಪ್ರಕಟವಾಯಿತೆಂದು ಭಾವಿಸೋಣ. ಅದರ ಗುಣದೋಷಗಳನ್ನು ಹೇಳಬೇಕಾದವರು ಯಾರು? ಕನ್ನಡವನ್ನಷ್ಟೇ ಬಲ್ಲ ಪಂಡಿತರು ಅದರ ಶೈಲಿಯನ್ನು ಪರೀಕ್ಷಿಸಬಲ್ಲರು. ತೆಲುಗು ಕೀರ್ತನೆಗಳ ಅರ್ಥ ಕೆಟ್ಟಿದ್ದರೆ ಅದು ಅವರ ಗಮನಕ್ಕೆ ಬಾರದು. ಗಾಯಕರು ರಾಗತಾಳಗಳ ತಪ್ಪನ್ನು ಕಂಡಾರು. ಬಳೆಗಾರರ ಮನೆಯಲ್ಲಿ ಬೆಳೆದವರು ಆ ಕಸುಬಿನ ಕಷ್ಟವನ್ನು ಲೇಖಕರು ಅರಿತಿರುವರೇ ಎಂದು ನೋಡಿಯಾರು. ಪತಿಯ ಮನಸ್ಸು ವೈರಾಗ್ಯದತ್ತ ತಿರುಗಿದಾಗ ಮನೆಯಾಕೆಯ ಪಾಡೇನಾಯಿತೆಂದು ಸ್ತ್ರೀಯೊಬ್ಬಳು ಕೇಳಿಯಾಳು. ಇವರಲ್ಲಿ ಒಬ್ಬರೇ ಸದಾ ತೀರ್ಪು ನೀಡಿದರೆ ಪುಸ್ತಕದ ಒಂದು ಮಗ್ಗುಲು ಮಾತ್ರ ನಮಗೆ ಕಾಣುತ್ತದೆ.

ಇದು ಬರಿಯ ಊಹೆಯಲ್ಲ. ಕುವೆಂಪು ಅವರ ‘ಶೂದ್ರ ತಪಸ್ವಿ’ ನಾಟಕವು 1944ರಲ್ಲಿ ಪ್ರಕಟವಾಯಿತು. ರಾಮಾಯಣದಲ್ಲಿ ಹತನಾಗುವ ಶಂಬೂಕನು ಇಲ್ಲಿ ಉಳಿಯುತ್ತಾನೆ. ಪುರಾತನ ಕಥೆಯನ್ನು ಹೀಗೆ ಬದಲಿಸುವುದು ಉಚಿತವಲ್ಲವೆಂದು ಕೋಲಾರ ಸೀಮೆಯವರೇ ಆದ ಮಾಸ್ತಿ ವೆಂಕಟೇಶ ಅಯ್ಯಂಗಾರರು ಆಕ್ಷೇಪಿಸಿದರು, ಕುವೆಂಪು ಉತ್ತರಿಸಿದರು. ಮಾಸ್ತಿಯವರ ವಿದ್ವತ್ತನ್ನಾಗಲಿ ಪ್ರಾಮಾಣಿಕತೆಯನ್ನಾಗಲಿ ಯಾರೂ ಶಂಕಿಸುವಂತಿಲ್ಲ. ಆದರೂ ತಲೆತಲಾಂತರದಿಂದ ವಿದ್ಯೆಗೆ ಹೊರಗಾದವರ ಕಿವಿಗೆ ಶಂಬೂಕನ ಕಥೆ ಬೇರೆಯಾಗಿಯೇ ಕೇಳಿಸುತ್ತದೆ. ಕುವೆಂಪು ಅವರಿಗೆ ಉತ್ತರಿಸುವ ಶಕ್ತಿಯೂ ಕೀರ್ತಿಯೂ ಇದ್ದವು. ತನ್ನ ಮೊದಲ ಪುಸ್ತಕವನ್ನು ಹಿಡಿದು ನಿಂತ ಹಳ್ಳಿಯ ತರುಣನಿಗೆ ಅವು ಎಲ್ಲಿಂದ ಬರಬೇಕು? ಪ್ರತಿಕೂಲವಾದ ಒಂದು ವಿಮರ್ಶೆಯಿಂದಲೇ ಅವನ ಲೇಖನಿ ನಿಂತುಹೋಗಬಹುದು.

‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂಬ ಗಾದೆಯಂತೆ, ಪ್ರತಿಯೊಬ್ಬರೂ ತಮ್ಮವರ ಪುಸ್ತಕವನ್ನೇ ಹೊಗಳಿದರೆ ಗತಿಯೇನೆಂದು ಕೆಲವರು ಶಂಕಿಸುವರು. ಈ ಶಂಕೆ ಯುಕ್ತವಾದುದೇ. ಆದರೆ ನಾವು ಬಯಸುವುದು ದಾಕ್ಷಿಣ್ಯವನ್ನಲ್ಲ. ಹಳ್ಳಿಯ ವಿಮರ್ಶಕನು ನಗರದ ಕಾದಂಬರಿಯನ್ನೂ, ವಿಮರ್ಶಕಿಯು ಪುರುಷರ ಕಾವ್ಯವನ್ನೂ ತೂಗಿ ನೋಡಬೇಕು. ಕಸುಬನ್ನು ಬಲ್ಲವರೇ ಕಸುಬಿನ ಸುಳ್ಳು ಚಿತ್ರವನ್ನು ಮೊದಲು ಗುರುತಿಸುವರು. ಅವರನ್ನು ಬರಿಯ ಹೊಗಳಿಕೆಯಿಂದ ಮರುಳುಗೊಳಿಸುವುದು ಸುಲಭವಲ್ಲ.

ಬಳೆಗಾರನು ಕೈಯನ್ನು ಹಿಡಿದು ನೋಡಿ ಅಳತೆಯನ್ನು ತಿಳಿಯುತ್ತಾನೆ. ಎಲ್ಲ ಕೈಗಳಿಗೂ ಒಂದೇ ಅಳತೆಯ ಬಳೆಯನ್ನು ತೊಡಿಸಹೊರಟರೆ ಬಳೆಯೂ ಒಡೆಯುತ್ತದೆ, ಕೈಯೂ ನೋಯುತ್ತದೆ. ಸಾಹಿತ್ಯದ ಮಾತೂ ಹೀಗೆಯೇ.