ಕಾಣದ ಬೋಲ್ಟಿಗೂ ಒಂದು ಲೆಕ್ಕದ ಪುಸ್ತಕ ಬೇಕು

ನಮ್ಮಲ್ಲಿ ಹೆಚ್ಚಿನವರು ಕೆರೆ-ಬಾವಿ ನೋಡಿ ಬೆಳೆದವರು. ಹಾಯಿದೋಣಿ ಬಗ್ಗೆ ಇವರಿಗೇನು ಗೊತ್ತು ಎಂದು ನೀವು ಕೇಳಬಹುದು. ಆದರೆ ಎತ್ತಿನ ಗಾಡಿಯ ಕಡಾಣಿ ನಮಗೆ ಗೊತ್ತು. ಆ ಸಣ್ಣ ಕಬ್ಬಿಣದ ತುಂಡು ಬಿದ್ದುಹೋದರೆ ಚಕ್ರ ಕಳಚಿ, ತುಂಬಿದ ಗಾಡಿ ಮಗುಚುತ್ತದೆ. ಹಾಯಿದೋಣಿಗೂ ಅಂಥ ಕಡಾಣಿಗಳಿವೆ. ಅವೇ ಕೀಲ್ ಬೋಲ್ಟುಗಳು.

ದೋಣಿಯ ಅಡಿಯಲ್ಲಿ ಮೀನಿನ ರೆಕ್ಕೆಯಂತೆ ಇಳಿದಿರುವ ಸೀಸದ ಅಥವಾ ಎರಕದ ಕಬ್ಬಿಣದ ಭಾರಕ್ಕೆ ಕೀಲ್ ಎನ್ನುತ್ತಾರೆ. ಗಾಳಿ ಹಾಯಿಯನ್ನು ಒತ್ತಿದಾಗ ದೋಣಿ ಮಗುಚದಂತೆ ತಡೆಯುವುದು ಅದು. ಬಹಳಷ್ಟು ದೋಣಿಗಳಲ್ಲಿ ಈ ಭಾರ ಫೈಬರ್‌ಗ್ಲಾಸ್ ಒಡಲಿಗೆ ಅಂಟಿಕೊಂಡಿರುವುದು ಕೆಲವೇ ಬೋಲ್ಟುಗಳಿಂದ.

2014ರ ಮೇ ತಿಂಗಳಲ್ಲಿ 'ಚೀಕಿ ರಫೀಕಿ' ಎಂಬ ಹಾಯಿದೋಣಿ ಆಂಟಿಗಾದಿಂದ ಇಂಗ್ಲೆಂಡಿಗೆ ಮರಳುತ್ತಿತ್ತು. ಅಟ್ಲಾಂಟಿಕ್ ನಡುವೆ ಕೀಲ್ ಕಳಚಿ ದೋಣಿ ಮಗುಚಿತು. ಅದರಲ್ಲಿದ್ದ ನಾಲ್ವರೂ ಮರಳಲಿಲ್ಲ. ಒಡಲು ಪತ್ತೆಯಾದಾಗ ಜೀವರಕ್ಷಕ ತೆಪ್ಪ ಇಟ್ಟ ಜಾಗದಲ್ಲೇ ಇತ್ತು. ಬ್ರಿಟನ್ನಿನ ಸಮುದ್ರ ಅಪಘಾತ ತನಿಖಾ ಸಂಸ್ಥೆ 2015ರ ವರದಿಯಲ್ಲಿ, ದೋಣಿ ಹಿಂದೆ ಹಲವು ಬಾರಿ ನೆಲಕ್ಕೆ ತಾಗಿದ್ದು ಮತ್ತು ಆಮೇಲೆ ನಡೆದ ರಿಪೇರಿಗಳು ಸೇರಿ ಕೀಲಿನ ಜೋಡಣೆಯನ್ನು ದುರ್ಬಲಗೊಳಿಸಿರಬಹುದು ಎಂದಿತು.

ಅದು ಸುಮಾರು 12 ಮೀಟರ್ ಉದ್ದದ ದೋಣಿ. ಚಿಕ್ಕ ದೋಣಿಯಲ್ಲಿ ಅಪಾಯ ದಡದಲ್ಲೂ ಇದೆ. 24 ಅಡಿಯ ಜೆ/24ನಂಥ ದೋಣಿಗಳನ್ನು ನೀರಿನಿಂದ ಎತ್ತುವಾಗ, ಎತ್ತುವ ಪಟ್ಟಿಯನ್ನು ಒಳಗಿನ ಕೀಲ್ ಬೋಲ್ಟುಗಳಿಗೇ ಸಿಕ್ಕಿಸುತ್ತಾರೆ. ಸುಮಾರು 1,400 ಕಿಲೋ ಭಾರ ಕ್ರೇನಿಗೆ ನೇತಾಡುತ್ತದೆ. ಸುತ್ತ ಜನ ನಿಂತಿರುತ್ತಾರೆ.

ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಅದನ್ನು ಕಾಯುವ ತೆಳುಪದರಕ್ಕೆ ಆಮ್ಲಜನಕ ಬೇಕು. ಒಡಲು ಮತ್ತು ಕೀಲಿನ ಸಂದಿಗೆ ಜಿನುಗಿದ ಉಪ್ಪುನೀರು ಅಲ್ಲೇ ನಿಂತರೆ ಆಮ್ಲಜನಕ ಸಿಗದೆ ಪದರ ಒಡೆಯುತ್ತದೆ, ಲೋಹ ಸವೆಯುತ್ತದೆ. ಮೇಲೆ ನಟ್ ಫಳಫಳ ಹೊಳೆಯುತ್ತಿರುತ್ತದೆ, ಕೆಳಗೆ ಬೋಲ್ಟಿನ ಸೊಂಟ ಸಣ್ಣಗಾಗಿರುತ್ತದೆ.

ಆದ್ದರಿಂದ ನಟ್ ಬಿಗಿ ಮಾಡಿದರೆ ರಿಪೇರಿ ಮುಗಿಯಿತು ಎನ್ನುವುದನ್ನು ನಾವು ಒಪ್ಪುವುದಿಲ್ಲ. ಸವೆದ ಬೋಲ್ಟು ಬಿಗಿಯುವಾಗಲೇ ತುಂಡಾಗಬಹುದು. ಸಂದಿಯ ಬಿರುಕಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿಯುವುದಂತೂ ಇನ್ನೂ ಕೆಟ್ಟದ್ದು. ತುಕ್ಕಿನ ಕಲೆ, ಬಾಯಿಬಿಟ್ಟ ಸಂದಿ, ಒಳಗೆ ಜಿನುಗುವ ನೀರು ದೋಣಿ ಹೇಳುವ ಸಾಕ್ಷಿ. ಬಣ್ಣ ಆ ಸಾಕ್ಷಿಯ ಬಾಯಿ ಮುಚ್ಚುತ್ತದೆ.

ಖರ್ಚು ಯಾರು ಕೊಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಹಳೆಯ ಚಿಕ್ಕ ದೋಣಿ ಕೊಂಡವರೆಲ್ಲ ಶ್ರೀಮಂತರಲ್ಲ. ಕೀಲ್ ಇಳಿಸಿ, ಹೊಸ ಬೋಲ್ಟು ಹಾಕಿಸುವ ಕೂಲಿ ದೋಣಿಯ ಬೆಲೆಯನ್ನೇ ಮೀರಬಹುದು. ಎರಕದೊಳಗೇ ಕೂತ ಬೋಲ್ಟುಗಳನ್ನು ಹೊರಗೆಳೆಯುವುದೂ ಸುಲಭವಲ್ಲ. ಆಗ ಪಕ್ಕದಲ್ಲಿ ಹೊಸ ರಂಧ್ರ ಕೊರೆದು ಬೇರೆ ಬೋಲ್ಟು ಹಾಕಬೇಕಾಗುತ್ತದೆ. ಪ್ರತಿವರ್ಷ ಎಲ್ಲರೂ ಕೀಲ್ ಇಳಿಸಿ ಎಂದು ನಾವು ಹೇಳುತ್ತಿಲ್ಲ.

ನಾವು ಕೇಳುವುದು ಮೂರೇ. ದೋಣಿ ಜೋರಾಗಿ ನೆಲಕ್ಕೆ ತಾಗಿದರೆ ದಡಕ್ಕೆತ್ತಿ, ಜೋಡಣೆಯನ್ನು ಬಲ್ಲವರಿಂದ ಒಳಗೂ ಹೊರಗೂ ನೋಡಿಸಿ. ಅನುಮಾನ ಬಂದರೆ ಒಂದು ಬೋಲ್ಟನ್ನಾದರೂ ಹೊರತೆಗೆದು ನೋಡಿ, ಅದು ಪಾಸಾಗುವವರೆಗೆ ಆ ಬೋಲ್ಟಿಗೆ ದೋಣಿಯನ್ನು ನೇತುಹಾಕಬೇಡಿ. ಮೂರನೆಯದು ಎಲ್ಲಕ್ಕಿಂತ ಅಗ್ಗ: ಎಲ್ಲಿ ತಾಗಿತು, ಯಾವ ಬೋಲ್ಟು ಬದಲಾಯಿತು, ಯಾರು ಮಾಡಿದರು ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟು, ದೋಣಿ ಮಾರುವಾಗ ಆ ಪುಸ್ತಕವನ್ನೂ ಕೊಡಿ.

ಹಸು ಮಾರುವವರು ಅದು ಒದೆಯುತ್ತದೆ ಎಂದು ಹೇಳದೆ ಮುಚ್ಚಿಟ್ಟರೆ ಸಂತೆಯಲ್ಲಿ ಅವರನ್ನು ಯಾರೂ ಮತ್ತೆ ನಂಬುವುದಿಲ್ಲ. ದೋಣಿ ಮಾರುವವರಿಗೂ ಅದೇ ನಿಯಮ ಇರಲಿ. ಮುಂದೆ ಆ ದೋಣಿಯಲ್ಲಿ ಹೋಗುವವರು ಕೀಲನ್ನು ಕಣ್ಣಾರೆ ನೋಡಲಾರರು. ಅವರ ಕೈಗೆ ಸಿಗುವುದು ಹಿಂದಿನವರು ಬರೆದಿಟ್ಟ ಮಾತು ಮಾತ್ರ.