ಹತ್ತಿ ಕಟ್ಟಿಗೆಗೆ ಕಡ್ಡಿ ಗೀರುವ ಮುನ್ನ

ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಬಂಧುಗಳೇ,

ಕೊನೆಯ ಹತ್ತಿ ಬಿಡಿಸಿ ಮುಗಿದ ಮೇಲೆ ಕಟ್ಟಿಗೆ ಕಿತ್ತು ಬದುವಿಗೆ ಒಟ್ಟುತ್ತೇವೆ. ಹೊಲ ಹಸನಾಗಬೇಕಲ್ಲ, ಒಂದು ಸಂಜೆ ಕಡ್ಡಿ ಗೀರುತ್ತೇವೆ. ಊರೊಳಗೂ ಇದೇ ಕಥೆ. ಕಸ ಗುಡಿಸಿ ಒಂದೆಡೆ ಕೂಡಿಹಾಕಿ ಬೆಂಕಿ ಇಡುತ್ತೇವೆ. ನಸುಕಿನಲ್ಲಿ ನೀರಿನ ಒಲೆ ಹೊತ್ತಿಸಲು ಹಾಲಿನ ಪಾಕೀಟು, ಸೈಕಲ್ ಟ್ಯೂಬಿನ ತುಂಡು ತುರುಕುತ್ತೇವೆ. ನಮ್ಮ ಮನೆಯಲ್ಲೂ ಹಾಗೇ ನಡೆಯುತ್ತಿತ್ತು. 'ಲಗೂನ ಹೊತ್ತತೈತಿ' ಎನ್ನುತ್ತಿದ್ದಳು ಅವ್ವ. ಆ ಕಪ್ಪು ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಊದುಗೊಳವಿ ಊದಿದವನು ನಾನು. ಆ ಹೊಗೆ ಎಂಥದ್ದು ಎಂದು ಆಗ ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಈಗ ಗೊತ್ತಿದೆ. ಅದಕ್ಕೇ ಈ ಮನವಿ: ಹಾಗೆ ಸುಡುವುದು ಬೇಡ, ಬೇರೆ ದಾರಿಯಿದೆ.

ಇದ್ದಲಿ ಭಟ್ಟಿಯನ್ನು ನೀವು ನೋಡಿರುತ್ತೀರಿ. ಬಳ್ಳಾರಿ ಜಾಲಿಯ ಕಟ್ಟಿಗೆಯನ್ನು ಒತ್ತಾಗಿ ಒಟ್ಟಿ, ಮೇಲೆ ಹುಲ್ಲು ಹೊದಿಸಿ, ಮಣ್ಣು ಮೆತ್ತಿ, ಸಣ್ಣ ಕಂಡಿಯಿಂದ ಬೆಂಕಿ ಕೊಡುತ್ತಾರೆ. ಮಣ್ಣು ಎಲ್ಲಾದರೂ ಬಿರುಕು ಬಿಟ್ಟರೆ ಓಡಿಹೋಗಿ ಮುಚ್ಚುತ್ತಾರೆ. ಗಾಳಿ ಹೊಕ್ಕರೆ ಬೂದಿ, ಹೊಗದಿದ್ದರೆ ಇದ್ದಲಿ. ವಿಜ್ಞಾನಿಗಳು ಪೈರಾಲಿಸಿಸ್ ಎನ್ನುವುದು ಇದನ್ನೇ. ಗಾಳಿ ತಾಕಗೊಡದೆ ವಸ್ತುವನ್ನು ಕಾಯಿಸಿದರೆ ಅದು ಹೊತ್ತಿ ಉರಿಯುವುದಿಲ್ಲ, ಒಳಗಿಂದೊಳಗೇ ಒಡೆಯುತ್ತದೆ. ಆವಿಯಾಗಿ ಮೇಲೇಳುವುದನ್ನು ತಣಿಸಿದರೆ ಎಣ್ಣೆ ಸಿಗುತ್ತದೆ. ತಣಿಯದೆ ಉಳಿದ ಅನಿಲವನ್ನು ಕೊಳವೆಯಿಂದ ತಿರುಗಿಸಿ ತಂದು ಭಟ್ಟಿಯ ಕೆಳಗೆ ಉರಿಸಬಹುದು. ತಳದಲ್ಲಿ ಇದ್ದಲಿ ಉಳಿಯುತ್ತದೆ. ಕಟ್ಟಿಗೆ 200–300 ಡಿಗ್ರಿ ಸೆಲ್ಸಿಯಸ್‌ನಲ್ಲೇ ಒಡೆಯತೊಡಗುತ್ತದೆ. ಪ್ಲಾಸ್ಟಿಕ್‌ಗೆ 400–500 ಡಿಗ್ರಿ ಬೇಕು.

ನಮ್ಮ ನಾಡಿಗೆ ಈ ವಿದ್ಯೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರವನ್ನು ಅದರ ಒಲೆಯಿಂದ ಅನೇಕರು ಬಲ್ಲರು. ಅದೇ ಕೇಂದ್ರದವರು 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿ ಎಂಬ ಪುಟ್ಟ ಊರಿನಲ್ಲಿ ಕಟ್ಟಿಗೆಯಿಂದ ಅನಿಲ ತೆಗೆದು ಎಂಜಿನ್ ಓಡಿಸಿ ಮನೆಗಳಿಗೆ ದೀಪ ಕೊಟ್ಟರು. ಆ ಯಂತ್ರದೊಳಗೂ ಕಟ್ಟಿಗೆ ಮೊದಲು ಹೀಗೇ ಒಡೆಯುತ್ತದೆ.

ಪ್ಲಾಸ್ಟಿಕ್ ಮಾತಿಗೆ ಬರುತ್ತೇನೆ. ಉಳ್ಳಾಗಡ್ಡಿಯ ಬಲೆಚೀಲ, ಗೊಬ್ಬರದ ಚೀಲ, ಹಳೆಯ ಡ್ರಿಪ್ ಪೈಪು, ಕ್ಯಾರಿಬ್ಯಾಗು, ಇವು ಪಾಲಿಥಿನ್, ಪಾಲಿಪ್ರೊಪಿಲೀನ್ ಜಾತಿಯವು. ಪೈರಾಲಿಸಿಸ್ ಯಂತ್ರಕ್ಕೆ ಹಾಕಿದರೆ ಇವುಗಳಿಂದ ಎಣ್ಣೆ ಬರುತ್ತದೆ. ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆ 2019ರಲ್ಲಿ ದಿನಕ್ಕೆ ಒಂದು ಟನ್ ಪ್ಲಾಸ್ಟಿಕ್ಕನ್ನು ಡೀಸೆಲ್ ಮಾಡುವ ಘಟಕ ತೆರೆದು ತೋರಿಸಿದೆ. ಆದರೆ ಈ ಕಸದ ಜೊತೆ ಪಿವಿಸಿ ಪೈಪಿನ ತುಂಡು ಸೇರಿತೆಂದರೆ ಕ್ಲೋರಿನ್ ಬಿಡುಗಡೆಯಾಗಿ ಆಮ್ಲವಾಗುತ್ತದೆ, ಯಂತ್ರವನ್ನೇ ತಿನ್ನುತ್ತದೆ. ನೀರಿನ ಬಾಟಲಿಯ ಪ್ಲಾಸ್ಟಿಕ್ ಕೊಳವೆ ಕಟ್ಟಿಸುತ್ತದೆ, ಅದಕ್ಕೆ ಗುಜರಿಯೇ ಸರಿಯಾದ ಜಾಗ. ಹಸಿಕಸ ಬೆರೆತರೆ ಅದರ ನೀರು ಆರಿಸುವುದಕ್ಕೇ ಉರುವಲು ಖಾಲಿ. ಹೀಗಾಗಿ ಪೈರಾಲಿಸಿಸ್‌ನ ಮೊದಲ ಹೆಜ್ಜೆ ಬೀಳುವುದು ಯಂತ್ರದಲ್ಲಲ್ಲ, ನಮ್ಮ ಅಡುಗೆಮನೆಯ ಬಾಗಿಲಲ್ಲಿ. ಬೇರ್ಪಡಿಸದ ಕಸವನ್ನು ಯಾವ ಯಂತ್ರವೂ ನುಂಗಲಾರದು.

ಟೈರಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಒಂದು ಟನ್ ಹಳೆಯ ಟೈರಿನಿಂದ ಸರಿಸುಮಾರು 400 ಕೆ.ಜಿ. ಎಣ್ಣೆ, 300 ಕೆ.ಜಿ.ಗೂ ಮಿಕ್ಕಿ ಕಪ್ಪು ಪುಡಿ, ಜೊತೆಗೆ ಉಕ್ಕಿನ ತಂತಿ ಸಿಗುತ್ತದೆ. ಲಾಭದ ಆಸೆಗೆ ಊರ ಹೊರಗೆ ತಗಡಿನ ಶೆಡ್ಡು ಹಾಕಿ, ಹಂಡೆಯಂಥ ಭಟ್ಟಿ ಇಟ್ಟು ಇದನ್ನು ಮಾಡುವವರಿದ್ದಾರೆ. ಬಿಸಿ ಆರುವ ಮೊದಲೇ ಬಾಗಿಲು ತೆರೆದರೆ ಒಳಗಿನ ಅನಿಲಕ್ಕೆ ಗಾಳಿ ತಾಕಿ ಸಿಡಿಯುತ್ತದೆ. ಕಪ್ಪು ಪುಡಿ ಸುತ್ತಲಿನ ಬೆಳೆಯ ಮೇಲೂ ಕೂರುತ್ತದೆ, ಕೂಲಿಯವರ ಎದೆಯಲ್ಲೂ ಕೂರುತ್ತದೆ. ಎಣ್ಣೆ ತೆಗೆಯಲು ಹೊರದೇಶದಿಂದ ಹಳೆಯ ಟೈರು ತರಿಸುವುದನ್ನು ಕೇಂದ್ರ ಸರ್ಕಾರ 2022ರ ನಿಯಮದಲ್ಲಿ ನಿಷೇಧಿಸಿದೆ. ನಿಮ್ಮೂರ ಸೀಮೆಯಲ್ಲಿ ಅಂಥ ಘಟಕಕ್ಕೆ ಯಾರಾದರೂ ಜಾಗ ಕೇಳಿ ಬಂದರೆ, ಬಾಡಿಗೆ ಎಷ್ಟೆಂದು ಕೇಳುವ ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಕೇಳಿ. ಮೊಬೈಲಿನಲ್ಲಿ ನೋಡಿ ಡಬ್ಬಿಯಲ್ಲಿ ಪ್ಲಾಸ್ಟಿಕ್ ಕಾಯಿಸಿ ಪೆಟ್ರೋಲ್ ತೆಗೆಯಲು ಹೊರಡುವ ಹುಡುಗರನ್ನು ಗದರಿಸಿಯಾದರೂ ತಡೆಯಿರಿ.

ಇನ್ನು ಹತ್ತಿ ಕಟ್ಟಿಗೆ. ಇದು ನಮ್ಮ ಕೈಯಲ್ಲೇ ಇರುವ ಕೆಲಸ. ಕಟ್ಟಿಗೆಯನ್ನು ಹಾಗೇ ಬಿಡಿ ಎಂದು ನಾನು ಹೇಳುತ್ತಿಲ್ಲ. ಬಿಟ್ಟರೆ ಒಣಕಾಯಿಯೊಳಗೆ ಗುಲಾಬಿ ಕಾಯಿಕೊರಕ ಕುಳಿತು ಮುಂದಿನ ಬೆಳೆಗೆ ಕಾಯುತ್ತದೆ ಎಂಬುದು ರೈತರಿಗೆ ಗೊತ್ತು. ಸುಡಿ, ಆದರೆ ಉಸಿರುಗಟ್ಟಿಸಿ ಸುಡಿ. ಮೇಲೆ ಅಗಲವಾಗಿ, ಕೆಳಗೆ ಕಿರಿದಾಗಿ, ಸೊಂಟದುದ್ದದ ಕುಣಿ ತೋಡಿ. ತಳದಲ್ಲಿ ಒಣಕಡ್ಡಿ ಒಟ್ಟಿ, ಮೇಲ್ತುದಿಗೆ ಬೆಂಕಿ ಕೊಡಿ. ಕೆಂಡದ ಮೇಲೆ ಬಿಳಿ ಬೂದಿ ಕಾಣತೊಡಗಿದಾಗ ಇನ್ನೊಂದು ಪದರ ಕಟ್ಟಿಗೆ ಹಾಕಿ. ಮೇಲಿನ ಜ್ವಾಲೆ ಗಾಳಿಯನ್ನೂ ಹೊಗೆಯನ್ನೂ ತಾನೇ ತಿನ್ನುತ್ತದೆ, ಕೆಳಗಿನದು ಬೂದಿಯಾಗದೆ ಇದ್ದಲಿಯಾಗುತ್ತದೆ. ಕುಣಿ ತುಂಬಿದ ಮೇಲೆ ನೀರು ಹೊಯ್ದು ಆರಿಸಿ. ನೀರಿಗೆ ಬರವಿದ್ದರೆ ಮಣ್ಣು ಮುಚ್ಚಿ, ಪೂರ್ತಿ ತಣ್ಣಗಾಗುವವರೆಗೆ ಕೆದಕಬೇಡಿ. ತೊಗರಿ ಕಟ್ಟಿಗೆ, ಗೋವಿನಜೋಳದ ಬೆಂಡು ಎಲ್ಲಕ್ಕೂ ಇದು ನಡೆಯುತ್ತದೆ. ಗಾಳಿ ಬೀಸುವ ದಿನ ಬೇಡ, ಬಣವೆಯ ಹತ್ತಿರ ಬೇಡ. ಆ ಕುಣಿಗೆ ಪ್ಲಾಸ್ಟಿಕ್ ಚೂರಾಗಲಿ, ಬೆಳೆಗೆ ಹೊಡೆಯುವ ಎಣ್ಣಿಯ ಬಾಟಲಿಯಾಗಲಿ ಬೀಳಲೇಕೂಡದು.

ಆ ಇದ್ದಲಿಯನ್ನು ಪುಡಿಮಾಡಿ ಗಂಜಲದಲ್ಲಿ ನೆನೆಸಿ ತಿಪ್ಪೆಗೊಬ್ಬರದೊಂದಿಗೆ ಬೆರೆಸಿದರೆ ಬಯೋಚಾರ್ ಗೊಬ್ಬರವಾಗುತ್ತದೆ. ಅದರ ಸಣ್ಣ ಸಣ್ಣ ರಂಧ್ರಗಳು ನೀರನ್ನೂ ಸತ್ವವನ್ನೂ ಹಿಡಿದಿಡುತ್ತವೆ. ಬಯಲಲ್ಲಿ ಸುಟ್ಟ ಕಟ್ಟಿಗೆಯ ಇಂಗಾಲ ಅಂದೇ ಹಾರಿಹೋಗುತ್ತದೆ. ಇದ್ದಲಿಯದು ಮಣ್ಣಿನಲ್ಲಿ ನೂರಾರು ವರ್ಷ ಉಳಿಯುತ್ತದೆ.

ಒಂದು ಮಾತನ್ನು ಮುಚ್ಚಿಡಲಾರೆ. ಇದ್ದಲಿಯ ಗುಣ ಕ್ಷಾರ. ನರಗುಂದ, ರೋಣದ ಎರೆಮಣ್ಣು ಮೊದಲೇ ಕ್ಷಾರದ್ದು, ಮಲಪ್ರಭಾ ಕಾಲುವೆಯ ಕೆಳಗೆ ಕೆಲವೆಡೆ ಸವಳೂ ಆಗಿದೆ. ಅಲ್ಲಿ ಮಣ್ಣು ಪರೀಕ್ಷೆ ಮಾಡಿಸದೆ ಹೊಲಕ್ಕೆಲ್ಲ ಚೆಲ್ಲಬೇಡಿ. ಮೊದಲು ಎರಡು ಗುಂಟೆಯಲ್ಲಿ ನೋಡಿ. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದವರನ್ನೋ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರನ್ನೋ ಕೇಳಿ. ಗಜೇಂದ್ರಗಡದ ಗುಡ್ಡದ ಸೆರಗಿನ ಮಸಾರಿ ಹೊಲಗಳಲ್ಲಿ ನೀರು ನಿಲ್ಲುವುದೇ ಇಲ್ಲವಲ್ಲ, ಅಲ್ಲಿ ಇದರ ಉಪಕಾರ ಹೆಚ್ಚು.

ಮೂರೂ ಪುರಸಭೆಗಳ ಸದಸ್ಯರಲ್ಲಿ ನನ್ನದೊಂದು ಕೋರಿಕೆ. ಒಂದೊಂದು ಊರಿನ ಒಣ ಪ್ಲಾಸ್ಟಿಕ್ ಒಂದು ಒಳ್ಳೆಯ ಘಟಕಕ್ಕೆ ಸಾಲದು. ಮೂರು ಊರಿನದನ್ನು ಬೇರ್ಪಡಿಸಿ ಒಂದೆಡೆ ಕೂಡಿಸಿದರೆ ಪರವಾನಗಿ ಇರುವ ಘಟಕದವರ ಜೊತೆ ಮಾತಿಗೆ ಕೂರಬಹುದು. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಆದೇಶಿಸಿದೆ. ಆ ಆದೇಶವನ್ನು ವಾರ್ಡು ವಾರ್ಡಿನಲ್ಲಿ ಡಂಗುರ ಹೊಡೆಸಿ ತಿಳಿಸಿ.

1980ರ ಜುಲೈ 21ರಂದು ರೈತರ ರಕ್ತ ಬಿದ್ದ ನೆಲ ನಮ್ಮದು. ಮಹದಾಯಿ ನೀರಿಗಾಗಿ ವರ್ಷಗಟ್ಟಲೆ ಧರಣಿ ಕುಳಿತ ಜನ ನಾವು. ಹೋರಾಡುವುದು ನಮಗೆ ಯಾರೂ ಕಲಿಸಬೇಕಿಲ್ಲ. ಹೋರಾಟದ ದಿನ ನಡುರಸ್ತೆಯಲ್ಲಿ ಟೈರ್ ಸುಡುವುದನ್ನು ಮಾತ್ರ ಬಿಟ್ಟುಬಿಡೋಣ. ಅದರ ಹೊಗೆಯನ್ನು ಮೊದಲು ಕುಡಿಯುವವರು ಅಲ್ಲಿ ಕುಳಿತ ನಮ್ಮವರೇ. ಓಣಿಯ ತಮ್ಮಂದಿರೇ, ಈ ಸಲದ ಕಾಮದಹನಕ್ಕೆ ಕುಳ್ಳು, ಕಟ್ಟಿಗೆ ಕೂಡಿಹಾಕಿ. ಕಾಮಣ್ಣನ ಬೆಂಕಿಗೆ ಒಂದೇ ಒಂದು ಟೈರೂ ಬೀಳದಿರಲಿ.