ಗಣಿತದ ಪಿಎಚ್.ಡಿಗೆ ಲೇಖನದ ಲೆಕ್ಕ ಬೇಡ

ಪಿಎಚ್.ಡಿ ಮಹಾಪ್ರಬಂಧ ಸಲ್ಲಿಸುವ ಮೊದಲು ಜರ್ನಲ್‌ ಒಂದರಲ್ಲಿ ಲೇಖನ ಪ್ರಕಟವಾಗಿರಲೇಬೇಕು ಎಂಬ ಷರತ್ತು ಭಾರತದ ವಿಶ್ವವಿದ್ಯಾಲಯಗಳಿಗೆ ಬಂದದ್ದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮಾವಳಿಯಿಂದ. 2016ರ ನಿಯಮಾವಳಿ ಅದನ್ನು ಹಾಗೆಯೇ ಉಳಿಸಿಕೊಂಡು, ವಿಚಾರಸಂಕಿರಣಗಳಲ್ಲಿ ಎರಡು ಪ್ರಬಂಧ ಮಂಡನೆಯನ್ನೂ ಸೇರಿಸಿತು. 2022ರ ನವೆಂಬರ್‌ನಲ್ಲಿ ಬಂದ ಹೊಸ ನಿಯಮಾವಳಿ ಎರಡನ್ನೂ ಕೈಬಿಟ್ಟಿತು. ಕೈಬಿಟ್ಟದ್ದು ಸರಿಯೇ ಎಂಬ ಜಗಳ ಅಲ್ಲಿಗೆ ನಿಲ್ಲಲಿಲ್ಲ. ಕಡ್ಡಾಯವನ್ನು ಯುಜಿಸಿ ತೆಗೆದರೂ ತಮ್ಮ ಮಟ್ಟದಲ್ಲಿ ಷರತ್ತು ಹಾಕಲು ವಿಶ್ವವಿದ್ಯಾಲಯಗಳಿಗೆ ಅಡ್ಡಿಯಿಲ್ಲ. ಹಲವು ಕಡೆ ಆ ಷರತ್ತು ಈಗಲೂ ಜಾರಿಯಲ್ಲಿದೆ. ಕೆಲವೆಡೆ ಒಂದು ಲೇಖನದ ಜಾಗಕ್ಕೆ ಎರಡು ಬಂದಿವೆ. ಗಣಿತ ವಿಭಾಗಗಳ ಮಟ್ಟಿಗಾದರೂ, ಅದರಲ್ಲೂ ವಿಶ್ಲೇಷಣೆ (ಅನಾಲಿಸಿಸ್) ಮತ್ತು ಜ್ಯಾಮಿತಿಯ ಮಟ್ಟಿಗೆ, ಈ ಷರತ್ತನ್ನು ಬುಡಸಮೇತ ತೆಗೆಯಬೇಕು.

ಇದಕ್ಕೆ ಕಾರಣ ಆ ವಿಷಯಗಳಲ್ಲಿ ಕೆಲಸ ನಡೆಯುವ ರೀತಿಯಲ್ಲೇ ಇದೆ. ಅನ್ವಯಿಕ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಒಬ್ಬರು ವಸ್ತುವಿನ ತೆಳುಪದರ ತಯಾರಿಸುತ್ತಾರೆ, ಮತ್ತೊಬ್ಬರು ಅದನ್ನು ದ್ರವ ಹೀಲಿಯಂನ ತಂಪಿಗಿಳಿಸಿ ವಿದ್ಯುತ್ ರೋಧ ಅಳೆಯುತ್ತಾರೆ, ಮೂರನೆಯವರು ಗಣಕದಲ್ಲಿ ಮಾದರಿ ಕಟ್ಟುತ್ತಾರೆ. ಆರು ತಿಂಗಳ ಅಳತೆ ಒಂದು ಕಿರುಲೇಖನವಾಗುತ್ತದೆ, ಐದಾರು ಹೆಸರು ಮೇಲೆ ಬರುತ್ತವೆ, ಕೆಲವು ತಿಂಗಳಲ್ಲಿ ಸ್ವೀಕೃತಿಯೋ ತಿರಸ್ಕಾರವೋ ಗೊತ್ತಾಗುತ್ತದೆ. ಅಲ್ಲಿ ಐದು ವರ್ಷದಲ್ಲಿ ಒಂದು ಲೇಖನ ಎಂಬುದು ದೊಡ್ಡ ಬೇಡಿಕೆಯೇನೂ ಅಲ್ಲ.

ವಿಶ್ಲೇಷಣೆಯಲ್ಲಿ ಕಥೆ ಬೇರೆ. ಒಂದು ಆಂಶಿಕ ಅವಕಲ ಸಮೀಕರಣಕ್ಕೆ ಪರಿಹಾರವಿದೆ ಎಂದು ಸಾಧಿಸಬೇಕೆನ್ನಿ. ಮೂಲ ಸಮೀಕರಣವನ್ನು ಬದಿಗಿಟ್ಟು, ಅದಕ್ಕೆ ಹತ್ತಿರವಾಗುತ್ತ ಹೋಗುವ ಸುಲಭ ಸಮೀಕರಣಗಳ ಸರಣಿಯೊಂದನ್ನು ಹಿಡಿಯುತ್ತಾರೆ. ಆ ಸರಣಿಯ ಎಲ್ಲ ಪರಿಹಾರಗಳೂ ಒಂದೇ ಅಸಮತೆಗೆ ಒಳಪಡುತ್ತವೆ ಎಂದು ತೋರಿಸಬೇಕು. ಅಸಮತೆಯ ಬಲಬದಿಯಲ್ಲೊಂದು ಸ್ಥಿರಾಂಕವಿರುತ್ತದೆ. ಸರಣಿ ಮುಂದೆ ಹೋದಂತೆ ಅದು ಬೆಳೆಯದಿದ್ದರೆ ಮಿತಿ ತೆಗೆದುಕೊಂಡು ಮೂಲ ಸಮೀಕರಣಕ್ಕೆ ಮರಳಬಹುದು. ಗುಟ್ಟಾಗಿ ಬೆಳೆಯುತ್ತಿದ್ದರೆ ನಲವತ್ತು ಪುಟದ ಸಾಧನೆ ಒಂದು ಸಾಲಿನಲ್ಲಿ ಕುಸಿಯುತ್ತದೆ. ಲೇಖನವನ್ನು ಪರಿಶೀಲಿಸಲು ಜರ್ನಲ್ ಕೇಳಿಕೊಳ್ಳುವ ರೆಫರಿ ಹುಡುಕುವುದು ಆ ಸಾಲನ್ನೇ. ಅದಕ್ಕಾಗಿ ಪ್ರತಿ ಹೆಜ್ಜೆಯನ್ನೂ ತಾವೇ ಮತ್ತೆ ಮಾಡಿ ನೋಡಬೇಕು, ಅದೂ ಸಂಬಳವಿಲ್ಲದೆ, ತಮ್ಮ ಪಾಠ ಮತ್ತು ಸಂಶೋಧನೆಯ ಬಿಡುವಿನಲ್ಲಿ. ಒಳ್ಳೆಯ ಜರ್ನಲ್‌ನಲ್ಲಿ ಒಂದು ವರ್ಷ ಕಾಯುವುದು ಮಾಮೂಲು, ಎರಡಾದರೂ ಯಾರೂ ಹುಬ್ಬೇರಿಸುವುದಿಲ್ಲ. ಒಂದೇ ಅಳತೆಯ ಗೋಲಗಳನ್ನು ಅತಿ ಒತ್ತಾಗಿ ಜೋಡಿಸುವ ಬಗೆಗಿನ ಕೆಪ್ಲರ್ ಊಹೆಯನ್ನು ಥಾಮಸ್ ಹೇಲ್ಸ್ ಸಾಧಿಸಿದ್ದು 1998ರಲ್ಲಿ. ರೆಫರಿಗಳ ದೊಡ್ಡ ತಂಡವೇ ಕೂತರೂ 'ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್'ನಲ್ಲಿ ಅದು ಅಚ್ಚಾದದ್ದು 2005ರಲ್ಲಿ.

ಇಲ್ಲಿನ ಫೆಲೋಶಿಪ್ ಒಟ್ಟು ಐದು ವರ್ಷದ್ದು. ಮೊದಲ ವರ್ಷ ಕೋರ್ಸ್‌ವರ್ಕ್‌ಗೆ ಹೋಗುತ್ತದೆ. ನಂತರದ ಒಂದೂವರೆ ವರ್ಷ, ಕೆಲವೊಮ್ಮೆ ಎರಡು ವರ್ಷ, ವಿಷಯದ ಬಾಗಿಲು ತಲುಪುವ ಓದಿಗೆ ಬೇಕು. ಇದನ್ನು ಸೋಮಾರಿತನ ಎಂದು ತಿಳಿಯುವ ಕುಲಸಚಿವರ ಕಚೇರಿಗಳಿಗೆ ಗಣಿತದ ಗ್ರಂಥಾಲಯ ತೋರಿಸಬೇಕಷ್ಟೆ. ಮೊದಲ ನಿಜವಾದ ಪ್ರಮೇಯ ಕೈಗೆ ಸಿಗುವುದು ನಾಲ್ಕನೇ ವರ್ಷದಲ್ಲಿ. ಅದನ್ನು ಯೋಗ್ಯ ಜರ್ನಲ್‌ಗೆ ಕಳಿಸಿದರೆ ಉತ್ತರ ಬರುವ ಹೊತ್ತಿಗೆ ತಿಂಗಳ ಹಣ ನಿಂತಿರುತ್ತದೆ. ಹಾಗಾಗಿ ಬುದ್ಧಿವಂತ ವಿದ್ಯಾರ್ಥಿ ಎರಡರಲ್ಲಿ ಒಂದು ಮಾಡುತ್ತಾನೆ: ಎರಡನೇ ವರ್ಷದಲ್ಲೇ ಮುಗಿಯುವ ಸಣ್ಣ ಪ್ರಶ್ನೆ ಹಿಡಿಯುತ್ತಾನೆ, ಇಲ್ಲವೇ ಬೇಗ ಅಚ್ಚುಹಾಕುವ ಜರ್ನಲ್ ಹುಡುಕುತ್ತಾನೆ. ತಿಳಿದಿರುವ ಪ್ರಮೇಯದ ಒಂದು ಷರತ್ತನ್ನು ತುಸು ಸಡಿಲಿಸಿ, ಹೊಸ ಹೆಸರಿನ ಗಣಿತೀಯ ಅವಕಾಶವೊಂದನ್ನು (ಸ್ಪೇಸ್) ವ್ಯಾಖ್ಯಾನಿಸಿ, ಹಳೆಯ ಸಾಧನೆಯನ್ನೇ ಮರುಬರೆದ ಲೇಖನಗಳು ರಾಶಿಬಿದ್ದಿರುವುದರ ಗುಟ್ಟು ಇಷ್ಟೇ.

ಬೇಗ ಅಚ್ಚುಹಾಕುವವರ ಕಥೆ ಯುಜಿಸಿಗೆ ಚೆನ್ನಾಗಿ ಗೊತ್ತು. 2018ರ ಮೇ ತಿಂಗಳಲ್ಲಿ ತಾನೇ ಅನುಮೋದಿಸಿದ್ದ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಅದು ಕಿತ್ತುಹಾಕಿತು. ಆಮೇಲೆ ಬಂದ 'ಕೇರ್' ಎಂಬ ಅನುಮೋದಿತ ಜರ್ನಲ್ ಪಟ್ಟಿಯನ್ನೂ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿ, ಜರ್ನಲ್ ಆಯ್ಕೆಯ ಹೊಣೆಯನ್ನು ವಿಶ್ವವಿದ್ಯಾಲಯಗಳ ತಲೆಗೆ ಕಟ್ಟಿತು. ದುಡ್ಡು ತೆಗೆದುಕೊಂಡು ಅಚ್ಚುಹಾಕುವ ದಂಧೆಗೆ ಗಿರಾಕಿಗಳನ್ನು ಒದಗಿಸಿದ್ದು ಕಡ್ಡಾಯ ಪ್ರಕಟಣೆಯ ನಿಯಮ. ಗಿರಾಕಿಗಳನ್ನು ಹಾಗೆಯೇ ಬಿಟ್ಟು ಅಂಗಡಿಗಳ ಪಟ್ಟಿ ತಿದ್ದುತ್ತ ಕೂತರೆ ಏನಾಗಬೇಕೋ ಅದೇ ಆಗಿದೆ. ದೊಡ್ಡ ಪ್ರಕಾಶಕರೂ ಇದಕ್ಕೆ ಹೊರತಲ್ಲ: ವೈಲಿ ಸಂಸ್ಥೆ ತನ್ನ ಹಿಂದಾವಿ ಜರ್ನಲ್‌ಗಳಲ್ಲಿ ಬಂದಿದ್ದ 8,000ಕ್ಕೂ ಹೆಚ್ಚು ಲೇಖನಗಳನ್ನು 2023ರ ಒಂದೇ ವರ್ಷದಲ್ಲಿ ಹಿಂತೆಗೆದುಕೊಂಡಿತು.

ಕಳಪೆ ಜರ್ನಲ್‌ಗಳನ್ನು ಇಂಪ್ಯಾಕ್ಟ್ ಫ್ಯಾಕ್ಟರ್‌ನಿಂದ ಸೋಸಬಹುದು ಎಂಬುದು ನಿಯಮದ ಪರವಾದಿಗಳ ಮುಂದಿನ ಮಾತು. ಜರ್ನಲ್‌ ಒಂದರ ಕಳೆದ ಎರಡು ವರ್ಷದ ಲೇಖನಗಳನ್ನು ಈ ವರ್ಷ ಸರಾಸರಿ ಎಷ್ಟು ಸಲ ಉಲ್ಲೇಖಿಸಲಾಗಿದೆ ಎಂಬುದೇ ಆ ಸಂಖ್ಯೆ. ಗಣಿತದಲ್ಲಿ ಅದು ಕುರುಡು ಸಂಖ್ಯೆ. ಅಂತರರಾಷ್ಟ್ರೀಯ ಗಣಿತ ಒಕ್ಕೂಟ ಇನ್ನೆರಡು ಸಂಸ್ಥೆಗಳ ಜೊತೆ 2008ರಲ್ಲಿ ಹೊರತಂದ ವರದಿಯ ಪ್ರಕಾರ ಗಣಿತದ ಉಲ್ಲೇಖಗಳಲ್ಲಿ ಶೇ 90ರಷ್ಟು ಆ ಎರಡು ವರ್ಷದ ಕಿಟಕಿಯ ಹೊರಗೇ ಬೀಳುತ್ತವೆ. ಉಳಿದ ಹತ್ತರಲ್ಲಿ ಕೈಚಳಕ ತೋರುವುದು ಸುಲಭ. 2008ರಲ್ಲಿ ಅನ್ವಯಿಕ ಗಣಿತದ ವಿಭಾಗದಲ್ಲಿ ಅತಿ ಹೆಚ್ಚಿನ, ಅಂದರೆ 8.91ರ, ಇಂಪ್ಯಾಕ್ಟ್ ಫ್ಯಾಕ್ಟರ್ ಇದ್ದದ್ದು ಅರೇಖೀಯ ವಿಜ್ಞಾನಗಳ ಒಂದು ಜರ್ನಲ್‌ಗೆ. ವಿಶ್ಲೇಷಣೆಯಲ್ಲಿ ಕೆಲಸ ಮಾಡುವವರೆಲ್ಲ ತಲೆಬಾಗುವ 'ಕಮ್ಯುನಿಕೇಷನ್ಸ್ ಆನ್ ಪ್ಯೂರ್ ಅಂಡ್ ಅಪ್ಲೈಡ್ ಮ್ಯಾಥಮ್ಯಾಟಿಕ್ಸ್' 3.69ರೊಂದಿಗೆ ಎರಡನೆಯದಾಗಿತ್ತು. ಮೊದಲನೆಯದಕ್ಕೆ ಬಂದ ಉಲ್ಲೇಖಗಳ ದೊಡ್ಡ ಪಾಲು ಅದರ ಸಂಪಾದಕ ವರ್ಗಕ್ಕೆ ಸೇರಿದ ಕೆಲವೇ ಮಂದಿಯಿಂದ ಬಂದದ್ದೆಂದು ಡಗ್ಲಸ್ ಆರ್ನಾಲ್ಡ್ ಮತ್ತು ಕ್ರಿಸ್ಟೀನ್ ಫೌಲರ್ 2011ರಲ್ಲಿ ಅಮೆರಿಕನ್ ಗಣಿತ ಸಂಘದ ಪತ್ರಿಕೆಯಲ್ಲಿ ತೋರಿಸಿಕೊಟ್ಟರು.

ಯುಜಿಸಿಯ 2018ರ ಅಧ್ಯಾಪಕ ನೇಮಕಾತಿ ನಿಯಮಾವಳಿಯಲ್ಲಿ ಲೇಖನಗಳಿಗೆ ಅಂಕ ಕೊಡುವ ಕೋಷ್ಟಕವನ್ನು ಈ ಎರಡು ಜರ್ನಲ್‌ಗಳಿಗೆ ಹಚ್ಚಿ ನೋಡಬಹುದು. ಇಂಪ್ಯಾಕ್ಟ್ ಫ್ಯಾಕ್ಟರ್ 2ರಿಂದ 5ರ ನಡುವೆ ಇದ್ದರೆ 20 ಅಂಕ, 5ರಿಂದ 10ರ ನಡುವೆ ಇದ್ದರೆ 25. ಎಂದರೆ ಅಂದಿನ ಸಂಖ್ಯೆಗಳ ಪ್ರಕಾರ ಉಬ್ಬಿಸಿದ ಜರ್ನಲ್‌ಗೆ 25, ವಿಶ್ಲೇಷಣೆಯವರು ತಲೆಬಾಗುವ ಜರ್ನಲ್‌ಗೆ 20. ಅದೇ ಕೋಷ್ಟಕ ಇಬ್ಬರಿಗಿಂತ ಹೆಚ್ಚು ಲೇಖಕರಿದ್ದಾಗ ಮೊದಲ ಅಥವಾ ಪ್ರಧಾನ ಲೇಖಕರಿಗೆ ಶೇ 70, ಉಳಿದವರಿಗೆ ತಲಾ ಶೇ 30 ಹಂಚುತ್ತದೆ. ಪ್ರಯೋಗಾಲಯದಲ್ಲಿ ಇದಕ್ಕೆ ಅರ್ಥವಿದೆ. ಗಣಿತದಲ್ಲಿ ಹೆಸರುಗಳು ಅಕ್ಷರಾನುಕ್ರಮದಲ್ಲಿ ಬರುವುದು ಹಳೆಯ ರೂಢಿ, ಎಲ್ಲರೂ ಸಮಪಾಲಿನವರು. ಅಮೆರಿಕನ್ ಗಣಿತ ಸಂಘ ಇದನ್ನು 2004ರಲ್ಲೇ ಹೇಳಿಕೆ ಹೊರಡಿಸಿ ಸ್ಪಷ್ಟಪಡಿಸಿದೆ. ಈ ಕೋಷ್ಟಕದ ಕೈಯಲ್ಲಿ ಆಚಾರ್ಯ ಎಂಬ ಹೆಸರಿನವರು ಪ್ರಧಾನರಾಗುತ್ತಾರೆ, ಯಾದವ ಎಂಬ ಹೆಸರಿನವರು ಬಾಲಂಗೋಚಿಯಾಗುತ್ತಾರೆ. 2025ರ ಜನವರಿಯಲ್ಲಿ ಯುಜಿಸಿ ಈ ನೇಮಕಾತಿ ನಿಯಮಾವಳಿಗೆ ಹೊಸ ಕರಡು ಪ್ರಕಟಿಸಿದಾಗ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ತಿರುಗಿಬಿದ್ದವು. ಆದರೆ ಆ ಗದ್ದಲ ಬಹುಮಟ್ಟಿಗೆ ಕುಲಪತಿಯನ್ನು ಯಾರು ನೇಮಿಸಬೇಕು ಎಂಬುದರ ಸುತ್ತಲೇ ಸುತ್ತಿತು.

ರಷ್ಯಾದ ಗಣಿತಜ್ಞ ಪೆರೆಲ್ಮನ್ ಪ್ರಸಿದ್ಧ ಊಹೆಯೊಂದರ ತನ್ನ ಸಾಧನೆಯನ್ನು ಯಾವ ಜರ್ನಲ್‌ಗೂ ಕಳಿಸಲಿಲ್ಲ ಎಂದು ವಾದಿಸುವುದು ಇಂಥ ಚರ್ಚೆಗಳಲ್ಲಿ ರೂಢಿಯಾಗಿಬಿಟ್ಟಿದೆ. ಅಂಥ ಒಬ್ಬರನ್ನು ಮುಂದಿಟ್ಟು ಎಲ್ಲರಿಗೂ ನಿಯಮ ಮಾಡಲಾಗದು. ಹತ್ತಿರದ್ದೇ ಒಂದು ಉದಾಹರಣೆ ಹೆಚ್ಚು ಉಪಯುಕ್ತ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಬೆಳೆದ ಎಂ.ಎಸ್. ನರಸಿಂಹನ್ ಮತ್ತು ಸಿ.ಎಸ್. ಶೇಷಾದ್ರಿ 1965ರಲ್ಲಿ ರೀಮನ್ ಮೇಲ್ಮೈಗಳ ಮೇಲಿನ ಸ್ಥಿರ ಸದಿಶ ಬಂಡಲ್‌ಗಳ ಬಗ್ಗೆ ಪ್ರಮೇಯವೊಂದನ್ನು ಪ್ರಕಟಿಸಿದರು. ಅದು ಜ್ಯಾಮಿತಿಯ ಒಳಗಿನ ವಿಷಯವಾಗಿ ಕಾಣುತ್ತಿತ್ತು. ಹದಿನೆಂಟು ವರ್ಷಗಳ ಮೇಲೆ, 1983ರಲ್ಲಿ, ಗಣಿತಜ್ಞರಾದ ಅಟಿಯಾ ಮತ್ತು ಬಾಟ್ ಭೌತಶಾಸ್ತ್ರದ ಯಾಂಗ್–ಮಿಲ್ಸ್ ಸಮೀಕರಣಗಳನ್ನು ಆ ಪ್ರಮೇಯದ ಜೊತೆ ಕೂಡಿಸಿದರು. ಅದೇ ವರ್ಷ ಡೊನಾಲ್ಡ್‌ಸನ್ ವಿಶ್ಲೇಷಣೆಯ ಉಪಕರಣಗಳಿಂದ ಅದಕ್ಕೆ ಹೊಸ ಸಾಧನೆ ಕೊಟ್ಟರು. ಜ್ಯಾಮಿತಿ, ವಿಶ್ಲೇಷಣೆ, ಭೌತಶಾಸ್ತ್ರ ಮೂರೂ ಕೂಡುವ ಒಂದು ದೊಡ್ಡ ಕ್ಷೇತ್ರಕ್ಕೆ ಆ 1965ರ ಲೇಖನ ತಳಹದಿಯಾಯಿತು. ಎರಡು ವರ್ಷದ ಕಿಟಕಿಯಲ್ಲಿ ನಿಂತವರಿಗೆ ಇದು ಕಾಣಿಸುವುದಿಲ್ಲ.

ಷರತ್ತನ್ನು ಬಯಸುವವರ ಬಳಿ ಒಂದು ಗಟ್ಟಿ ವಾದವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಪ್ರಕಟಣೆಯೂ ಬೇಡವೆಂದರೆ ಮಾರ್ಗದರ್ಶಕರೂ ಅವರ ಪರಿಚಯದ ಪರೀಕ್ಷಕರೂ ಸೇರಿಕೊಂಡು ಏನನ್ನು ಬೇಕಾದರೂ ಪಾಸು ಮಾಡಬಹುದು, ಹೊರಗಿನ ಕಣ್ಣೊಂದಾದರೂ ಬೀಳಲಿ ಎಂಬುದು ಅವರ ಅಳಲು. ರೋಗ ನಿಜ. ಆದರೆ ಹೊರಗಿನ ಕಣ್ಣು ಬೇಕೆಂದೇ ಕನಿಷ್ಠ ಇಬ್ಬರು ಬಾಹ್ಯ ಪರೀಕ್ಷಕರ ವ್ಯವಸ್ಥೆ ಇದೆ. ಅವರು ಪುಟ ತಿರುವದೆ ಸಹಿ ಹಾಕುತ್ತಿದ್ದರೆ ಸರಿಪಡಿಸಬೇಕಾದದ್ದು ಅದನ್ನು. ವಿಶ್ವವಿದ್ಯಾಲಯವೇ ನೇಮಿಸಿದ, ಹೆಸರು ಗೊತ್ತಿರುವ ಪರೀಕ್ಷಕರನ್ನು ನಂಬದೆ, ಹೆಸರೇ ಗೊತ್ತಿಲ್ಲದ ರೆಫರಿಯನ್ನು ನಂಬುವುದು ಎಂಥ ತರ್ಕ? ಲೇಖನವಿಲ್ಲದಿದ್ದರೆ ಕೆಲಸ ಸಿಗದು ಎಂಬ ಎರಡನೇ ವಾದ ತನ್ನ ಬಾಲವನ್ನು ತಾನೇ ಕಚ್ಚಿಕೊಂಡಿದೆ. ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಪಟ್ಟಿಗೆ ಲೇಖನವೊಂದಕ್ಕೆ 2ರಂತೆ 10 ಅಂಕದವರೆಗೆ ಕೊಡುವುದು ಅದೇ 2018ರ ನಿಯಮಾವಳಿ.

ಬದಲಿ ವ್ಯವಸ್ಥೆಗೆ ಹೊಸ ಕಾನೂನೇನೂ ಬೇಕಿಲ್ಲ. ವಿದ್ಯಾರ್ಥಿ ತನ್ನ ಫಲಿತಾಂಶವನ್ನು ಮಹಾಪ್ರಬಂಧ ಸಲ್ಲಿಸುವ ಮೊದಲೇ ಪ್ರಿಪ್ರಿಂಟ್ (ಅಚ್ಚಿಗೆ ಮುಂಚಿನ ಪ್ರತಿ) ಆಗಿ ಆರ್ಕೈವ್ (arXiv) ಜಾಲತಾಣದಲ್ಲಿ ಹಾಕಬೇಕು ಎನ್ನಬಹುದು. ಅದು ಪುಕ್ಕಟೆ, ಜಗತ್ತಿನ ಯಾರು ಬೇಕಾದರೂ ಓದಿ ತಪ್ಪು ಹಿಡಿಯಬಹುದು. ಬಾಹ್ಯ ಪರೀಕ್ಷಕರಲ್ಲಿ ಒಬ್ಬರಾದರೂ ಅದೇ ಉಪವಿಷಯದಲ್ಲಿ ಪ್ರಮೇಯ ಸಾಧಿಸಿದವರಾಗಿರಬೇಕು. ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ, ಟಾಟಾ ಸಂಸ್ಥೆಯ ಅನ್ವಯಿಕ ಗಣಿತ ಕೇಂದ್ರ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಇರುವಾಗ ಕರ್ನಾಟಕದ ವಿಶ್ವವಿದ್ಯಾಲಯಗಳು ಪರೀಕ್ಷಕರಿಗಾಗಿ ದೂರ ಹೋಗಬೇಕಾಗಿಯೂ ಇಲ್ಲ. ಪರೀಕ್ಷಕರ ವರದಿ ಈಗ ಕುಲಸಚಿವರ ಕಡತದಲ್ಲಿ ಮುಚ್ಚಿಹೋಗುತ್ತದೆ. ಮಹಾಪ್ರಬಂಧ ಹೇಗೂ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರಕ್ಕೆ ಹೋಗುತ್ತದೆ, ವರದಿಯೂ ಪರೀಕ್ಷಕರ ಹೆಸರಿನೊಂದಿಗೆ ಅದರ ಬೆನ್ನಿಗೇ ಹೋಗಲಿ. ಯಾವ ಅಸಮತೆಯನ್ನು ಪರೀಕ್ಷಿಸಿದರು, ಯಾವ ಪುಟದಲ್ಲಿ ತಿದ್ದುಪಡಿ ಕೇಳಿದರು ಎಂಬುದು ಅದರಲ್ಲಿ ಕಾಣುತ್ತದೆ. 'ಸಮಾಧಾನಕರ' ಎಂದು ಒಂದೇ ಸಾಲು ಬರೆದು ಕಳಿಸಿದವರು ಯಾರೆಂಬುದೂ ಕಾಣುತ್ತದೆ.